ಜಯಣ್ಣ ತಂದ ಬಾಟಲಿ

ಮೂವತ್ತನಾಲ್ಕು ವರ್ಷ ನಾನು ಊರವರ ಉಚ್ಚೆ ನೋಡಿ ಹೊಟ್ಟೆ ಹೊರೆದೆ. ಹೀಗೆ ಬರೆದರೆ ನನ್ನ ಹೆಂಡತಿಗೆ ಆಗುವುದಿಲ್ಲ. ‘ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ ಅಂತ ಮರ್ಯಾದೆಯಾಗಿ ಬರೀರಿ’ ಎನ್ನುತ್ತಾಳೆ. ರಕ್ತ, ಕಫ, ಮಲ ಎಲ್ಲವನ್ನೂ ನೋಡಿದ್ದೇನೆ, ಸುಳ್ಳಲ್ಲ. ಆದರೆ ನರಸಿಂಹರಾಜಪುರದಲ್ಲಿ, ಶೃಂಗೇರಿಯಲ್ಲಿ, ಕೊನೆಗೆ ಕೊಪ್ಪದಲ್ಲಿ ಜನ ಬೆನ್ನ ಹಿಂದೆ ನನ್ನನ್ನು ಕರೆದದ್ದು ‘ಉಚ್ಚೆ ಸಾರ್’ ಎಂದೇ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅದೇ ನನ್ನ ಹೆಸರು ಎಂದು ಒಪ್ಪಿಕೊಂಡೆ.

ಬಾಳಗಡಿಯಲ್ಲಿ ರೂಮು ಮಾಡಿಕೊಂಡು ಲ್ಯಾಬ್ ಕೆಲಸ ಕಲಿಯುತ್ತಿರುವ ಇಬ್ಬರು ಹುಡುಗಿಯರು ಮೊನ್ನೆ ಮನೆಗೆ ಬಂದಿದ್ದರು. ‘ಸಾರ್, ನಿಮ್ಮ ಸರ್ವಿಸಲ್ಲಿ ಮರೆಯಕ್ಕಾಗದ ಕೇಸ್ ಒಂದು ಹೇಳಿ’ ಎಂದು ಮೊಬೈಲ್ ಮುಂದೆ ಹಿಡಿದರು. ನಾನು ಜೇನುತುಪ್ಪದ ಶೀಸೆಯ ಕತೆ ಹೇಳಿದೆ. ಇಬ್ಬರೂ ಚೆನ್ನಾಗಿ ನಕ್ಕರು. ಅವರು ಹೋದ ಮೇಲೆ ನನಗೆ ನನ್ನ ಮೇಲೇ ಅಸಹ್ಯವಾಯಿತು. ಹೇಳಬೇಕಾದದ್ದು ಬೇರೆ ಇತ್ತು. ಅದನ್ನು ಬಾಯಲ್ಲಿ ಹೇಳುವ ಧೈರ್ಯ ಸಾಲದೆ ಬರೆಯಲು ಕೂತಿದ್ದೇನೆ.

ನಾನು ದುಡಿದದ್ದು ಒಂದು ಸಣ್ಣ ಟ್ರಸ್ಟಿನ ಆಸ್ಪತ್ರೆಯಲ್ಲಿ. ಮೂರು ಊರಿನಲ್ಲೂ ಒಂದೊಂದು ಶಾಖೆ ಇತ್ತು. ಈಗ ಮುಚ್ಚಿಹೋಗಿದೆ, ಹೆಸರು ಬೇಡ. ಕೆಲಸ ಶುರುಮಾಡಿದ್ದು ನರಸಿಂಹರಾಜಪುರದಲ್ಲಿ, ರುದ್ರಪ್ಪ ಎಂಬ ಹಿರಿಯ ಟೆಕ್ನಿಷಿಯನ್ ಕೈಕೆಳಗೆ. ಹಣೆ ತುಂಬ ವಿಭೂತಿ, ಕಿವಿಯ ಹಿಂದೆ ಒಂದು ಪೆನ್ಸಿಲ್. ಆಗ ಒಂದು ಮಾದರಿ ನೋಡುವುದೆಂದರೆ ಅಡುಗೆ ಮಾಡಿದಷ್ಟು ಕೆಲಸ. ಸಕ್ಕರೆ ಇದೆಯೋ ಎಂದು ತಿಳಿಯಲು ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ಹಸಿರಾದರೆ ಸ್ವಲ್ಪ ಇದೆ, ಇಟ್ಟಿಗೆ ಬಣ್ಣವಾದರೆ ತುಂಬ ಇದೆ. ಆಮೇಲೆ ಇನ್ನೊಂದು ಟ್ಯೂಬನ್ನು ಸೆಂಟ್ರಿಫ್ಯೂಜಿಗೆ ಹಾಕಿ ರಾಗಿ ಬೀಸಿದಂತೆ ಕೈಯಲ್ಲಿ ತಿರುಗಿಸಬೇಕು. ತಳದಲ್ಲಿ ಕೂತ ಗಸಿಯ ಒಂದು ಹನಿಯನ್ನು ಗಾಜಿನ ಮೇಲೆ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಕರೆಂಟು ನಂಬುವ ಹಾಗಿರಲಿಲ್ಲ, ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿಕೊಳ್ಳುತ್ತಿದ್ದೆವು. ಆಷಾಢದಲ್ಲಿ ಆ ಬೆಳಕೂ ಇಲ್ಲ. ಆದರೂ ರುದ್ರಪ್ಪನವರು ಗಾಜಿಗೆ ಹಾಕದೆ ಒಂದು ಚೀಟಿಯನ್ನೂ ಬರೆಯಲು ಬಿಡುತ್ತಿರಲಿಲ್ಲ.

ನಾನು ಸೇರಿದ ಎರಡನೇ ತಿಂಗಳು ಬಾಳೆಹೊನ್ನೂರು ಕಡೆಯ ರೈತರೊಬ್ಬರು ಬಂದರು. ಮೂತ್ರ ಕಿತ್ತಳೆ ಕೆಂಪು. ನಾನು ಹೆದರಿ ‘ರಕ್ತ, ರಕ್ತ’ ಎಂದು ಕೂಗಿಬಿಟ್ಟೆ. ಅವರ ಹೆಂಡತಿ ಅಲ್ಲೇ ಕುಸಿದು ಕೂತರು. ರುದ್ರಪ್ಪ ನನ್ನ ಕಡೆ ನೋಡಲೂ ಇಲ್ಲ. ನಿಧಾನಕ್ಕೆ ಟ್ಯೂಬು ತಿರುಗಿಸಿ, ಹನಿ ಹಾಕಿ, ನನ್ನ ಕುತ್ತಿಗೆ ಹಿಡಿದು ಲೆನ್ಸಿಗೆ ಕಣ್ಣು ಹಚ್ಚಿಸಿದರು.

‘ಎಲ್ಲಿದೆ ರಕ್ತ? ತೋರ್ಸು.’

ಒಂದು ಕೆಂಪು ಕಣವೂ ಇರಲಿಲ್ಲ. ಆ ರೈತರು ಕ್ಷಯಕ್ಕೆ ಮಾತ್ರೆ ನುಂಗುತ್ತಿದ್ದರು, ಬಣ್ಣ ಅದರದ್ದು.

‘ಬಣ್ಣ ಕೂಗ್ತದೆ ಮಾರಾಯ. ಅದು ಕೂಗಿದ ಕಡೆಗೆಲ್ಲ ಓಡ್ಬೇಡ’ ಎಂದರು ರುದ್ರಪ್ಪ. ‘ಬಣ್ಣ ಇದ್ರೂ ಗಾಜಿಗೆ ಹಾಕು, ಇಲ್ದಿದ್ರೂ ಗಾಜಿಗೆ ಹಾಕು. ಕಣ ಕಂಡ್ರೆ ಬರಿ.’

ಇದಕ್ಕಿಂತ ದೊಡ್ಡ ವಿದ್ಯೆ ನಮ್ಮ ಕೆಲಸದಲ್ಲಿ ಇಲ್ಲ. ಮೊದಲ ವರ್ಷವೇ ಅದು ನನಗೆ ಸಿಕ್ಕಿತ್ತು. ಸಿಕ್ಕಿದ್ದನ್ನು ಇಟ್ಟುಕೊಳ್ಳಲಿಲ್ಲ ಅಷ್ಟೆ.

ಶೃಂಗೇರಿಗೆ ವರ್ಗವಾದ ಮೇಲೆ ಜೇನುತುಪ್ಪದ ಪ್ರಸಂಗ ನಡೆಯಿತು. ಆ ದಿನಗಳಲ್ಲಿ ಮಾದರಿಗೆಂದು ಆಸ್ಪತ್ರೆಯಿಂದ ಡಬ್ಬಿ ಕೊಡುತ್ತಿರಲಿಲ್ಲ. ಜನ ಮನೆಯಲ್ಲಿ ಸಿಕ್ಕ ಶೀಸೆಯಲ್ಲಿ ತರುತ್ತಿದ್ದರು. ಕೆಮ್ಮಿನ ಔಷಧದ್ದು, ಕ್ವಾರ್ಟರ್ ಬಾಟಲಿ, ಉಪ್ಪಿನಕಾಯಿಯದ್ದು, ಪೂಜೆಗೆ ಪನ್ನೀರು ತಂದದ್ದು. ಸಿರಿಮನೆ ಕಡೆಯ ಪುಟ್ಟಮ್ಮ ಎಂಬ ಅಜ್ಜಿ ತಂದ ಮಾದರಿ ದೀಪದ ಮೇಲಿಟ್ಟ ಕೂಡಲೇ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ರಕ್ತದ ಸಕ್ಕರೆ ನೋಡುವ ಸಾಮಗ್ರಿ ಆ ವಾರ ಮುಗಿದಿತ್ತು. ನನ್ನ ಚೀಟಿ ನಂಬಿ ಡಾಕ್ಟರಮ್ಮ ಮಾತ್ರೆ ಬರೆದರು. ಅಜ್ಜಿ ಅನ್ನ ಬಿಟ್ಟು, ಬೆಲ್ಲ ಬಿಟ್ಟು, ಮಾತ್ರೆ ನುಂಗಿ, ಐದನೇ ದಿನ ಗದ್ದೆಯ ಅಂಚಿನಲ್ಲಿ ಬಿದ್ದರು. ಹೊತ್ತು ತಂದರು. ಪುಣ್ಯಕ್ಕೆ ಉಳಿದರು.

‘ಯಾವ ಶೀಸೇಲಿ ತಂದಿದ್ರಿ ಅಜ್ಜಿ?’ ಎಂದು ಡಾಕ್ಟರಮ್ಮ ಕೇಳಿದರು.

‘ತುಡುವೆ ಜೇನಿಂದು ಕಣಮ್ಮ. ನೀರ್ ಹಾಕಿ ಗುಳುಗುಳು ಮಾಡಿಯೇ ತಂದಿದ್ದೆ.’

ಡಾಕ್ಟರಮ್ಮ ಅಂದು ನನ್ನನ್ನು ವಾರ್ಡಿನ ಮಧ್ಯೆ ನಿಲ್ಲಿಸಿ ಬೈದದ್ದು ಈಗಲೂ ಕಿವಿಯಲ್ಲಿದೆ. ‘ನಿನ್ನ ಕಣ್ಣು ಟ್ಯೂಬಿನ ಮೇಲೆ ಮಾತ್ರ ಇದ್ದರೆ ಸಾಲದು. ಬಾಟ್ಲಿ ಮೇಲೂ ಇರಲಿ. ಇನ್ನೊಂದು ಸಲ ಹಿಂಗಾದ್ರೆ ಈ ಬಾಗಿಲೊಳಗೆ ಕಾಲಿಡಬೇಡ.’

ಅಂದಿನಿಂದ ನಾನು ಬಾಟಲಿಯ ಪತ್ತೇದಾರನಾದೆ. ಮೂಸಿ ನೋಡುವುದು, ಮೇಲೆ ಅಂಟಿಸಿದ ಚೀಟಿ ಓದುವುದು, ತಳಕ್ಕೆ ಬೆರಳು ತಿಕ್ಕುವುದು. ಎಷ್ಟೋ ಬಾಟಲಿಗಳನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದ್ದೇನೆ. ಅದರಿಂದ ಒಳ್ಳೆಯದೂ ಆಗಿದೆ. ಆದರೆ ಬಾಟಲಿಯನ್ನು ಹಿಡಿದುಬಿಟ್ಟೆ ಎಂಬ ಜಂಬ ಬಂದುಬಿಟ್ಟರೆ ಮನುಷ್ಯ ಕಾಣುವುದಿಲ್ಲ. ಇದು ನನಗೆ ಕೊಪ್ಪಕ್ಕೆ ಬಂದ ಮೇಲೂ ಬಹಳ ವರ್ಷ ತಿಳಿಯಲಿಲ್ಲ.

ಕೊಪ್ಪಕ್ಕೆ ಬರುವ ಹೊತ್ತಿಗೆ ಕೆಲಸದ ರೀತಿ ಬದಲಾಯಿತು. ಪ್ಲಾಸ್ಟಿಕ್ ಪಟ್ಟಿಗಳು ಬಂದವು. ಬೆರಳಗಲದ ಪಟ್ಟಿ, ಅದರ ಮೇಲೆ ಬಣ್ಣದ ಚೌಕಗಳು. ಮಾದರಿಯಲ್ಲಿ ಅದ್ದಿ ಒಂದು ನಿಮಿಷ ಕಾದರೆ ಸಕ್ಕರೆ, ಪ್ರೋಟೀನು, ರಕ್ತ ಎಲ್ಲವನ್ನೂ ಹೇಳುತ್ತದೆ. ದೀಪ ಮೂಲೆ ಸೇರಿತು. ಸೆಂಟ್ರಿಫ್ಯೂಜ್ ಕರೆಂಟಿನದ್ದು ಬಂತು, ಆದರೆ ಹಾಕುವ ಪುರಸೊತ್ತು ಇರಲಿಲ್ಲ. ಬೆಳಿಗ್ಗೆ ಕಿಟಕಿ ತೆರೆದರೆ ಸಾಲು ರಸ್ತೆಗೆ ಮುಟ್ಟುತ್ತಿತ್ತು. ಪಟ್ಟಿ ಸರಿ ಎಂದರೆ ಸರಿ. ಪಟ್ಟಿ ತಪ್ಪು ಎಂದರೆ ಮಾತ್ರ ಗಾಜಿಗೆ ಹಾಕುವುದು ಎಂದು ನಾನೇ ಒಂದು ನಿಯಮ ಮಾಡಿಕೊಂಡೆ. ಅದಕ್ಕೆ ಯಾರೂ ಬೇಡ ಎನ್ನಲಿಲ್ಲ. ಬೇಡ ಎನ್ನಬೇಕಾಗಿದ್ದ ರುದ್ರಪ್ಪನವರು ತೀರಿಕೊಂಡಿದ್ದರು.

ನಮ್ಮ ಕಡೆ ಇನ್ನೊಂದು ತೊಡಕು ‘ಉಷ್ಣ’ ಎಂಬ ಮಾತು. ಉರಿಮೂತ್ರವಾದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಮೂತ್ರ ಕೆಂಪಾದರೆ ಬಿಸಿಲಲ್ಲಿ ಓಡಾಡಿದ ಉಷ್ಣ. ಬಾರ್ಲಿ ನೀರು, ಎಳನೀರು, ಪುನರ್ಪುಳಿ ಶರಬತ್ತು ಕುಡಿದರೆ ಇಳಿಯುತ್ತದೆ ಎಂದು ನಂಬಿಕೆ. ಕೆಲವು ಸಲ ಕೆಂಪು ತಾನಾಗಿಯೇ ನಿಂತೂಹೋಗುತ್ತದೆ. ನೋವಿಲ್ಲದೆ ಬಂದು ತಾನಾಗಿ ನಿಲ್ಲುವ ಕೆಂಪೇ ಎಲ್ಲಕ್ಕಿಂತ ಕೆಟ್ಟದ್ದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದವನೇ ಕೈಬಿಟ್ಟೆ.

ಇನ್ನು ಜಯಣ್ಣನ ವಿಷಯಕ್ಕೆ ಬರುತ್ತೇನೆ. ಕಮ್ಮರಡಿಯವನು. ಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರ ಎರಡು ಕುರ್ಚಿಯ ಕಟಿಂಗ್ ಶಾಪು. ನನ್ನದೇ ವಯಸ್ಸು. ನನಗೆ ಮೂವತ್ತಾರಕ್ಕೇ ತಲೆ ನೆರೆಯಿತು. ಡೈ ಹಾಕಿಸಿಕೊಳ್ಳಲು ಆಸೆ, ಜನ ನೋಡಿದರೆ ನಾಚಿಕೆ. ಈ ರೋಗಕ್ಕೆ ಜಯಣ್ಣನ ಹತ್ತಿರ ಮದ್ದಿತ್ತು. ಮಂಗಳವಾರ ಅಂಗಡಿಗೆ ರಜ. ಆ ದಿನ ಷಟರ್ ಅರ್ಧ ಎಳೆದು ಒಳಗೆ ಮರ್ಯಾದಸ್ಥರ ತಲೆಗಳಿಗೆ ಕಪ್ಪು ಹಚ್ಚುತ್ತಿದ್ದ. ಬಗ್ಗಿ ಒಳಗೆ ನುಸುಳಬೇಕು. ಒಳಗೆ ಹೋದರೆ ಹೈಸ್ಕೂಲು ಹೆಡ್‌ಮಾಸ್ಟರು ತಲೆಗೆ ಹಚ್ಚಿಕೊಂಡು ಟವೆಲು ಹೊದ್ದು ಕೂತಿರುತ್ತಿದ್ದರು. ಒಬ್ಬರನ್ನೊಬ್ಬರು ನೋಡಿಯೂ ನೋಡದ ಹಾಗೆ ಇರಬೇಕು, ಅದು ಅಲ್ಲಿನ ಕಟ್ಟುಪಾಡು. ಆ ತಲೆಗಳನ್ನು ಜಯಣ್ಣ ‘ಮಂಗಳವಾರದ ತಲೆ’ ಎನ್ನುತ್ತಿದ್ದ.

ನಾನು ಇಪ್ಪತ್ತೆರಡು ವರ್ಷ ಮಂಗಳವಾರದ ತಲೆಯಾಗಿದ್ದೆ. ಮೊದಲ ಸಲ ಒಂದು ಹನಿ ಕಣ್ಣಿಗೆ ಬಿದ್ದು ಉರಿದದ್ದರಿಂದ ಕುರ್ಚಿಯಲ್ಲಿ ಕೂತ ಕೂಡಲೇ ಗಟ್ಟಿಯಾಗಿ ಕಣ್ಣು ಮುಚ್ಚಿಬಿಡುತ್ತಿದ್ದೆ. ತೊಳೆದ ಮೇಲೆಯೇ ತೆರೆಯುವುದು. ಆಮೇಲೆ ಟವೆಲಿನ ಮೇಲೆ ಕೆಂಗಂದು ಕಲೆಗಳನ್ನು ನೋಡುತ್ತಿದ್ದೆ. ಜಯಣ್ಣ ಬರಿಗೈಯಲ್ಲೇ ಹಚ್ಚುತ್ತಿದ್ದ. ಅವನ ಉಗುರು, ಬೆರಳ ಸಂದು ಯಾವಾಗಲೂ ಕಪ್ಪು. ‘ಗ್ಲೌಸ್ ಹಾಕೋ ಮಾರಾಯ’ ಎಂದರೆ ‘ಗ್ಲೌಸ್ ಹಾಕಿದ್ರೆ ಕೂದ್ಲಿನ ಬುಡ ಕೈಗೆ ಸಿಕ್ಕದಿಲ್ಲ ಸಾರ್’ ಎನ್ನುತ್ತಿದ್ದ. ಎರಡು ತಲೆಗಳ ಮಧ್ಯೆ ಹಿಂಬಾಗಿಲಿಗೆ ಹೋಗಿ ಒಂದು ಬೀಡಿ. ಅದೂ ಅವನ ಕಟ್ಟುಪಾಡೇ.

ನಿವೃತ್ತಿಗೆ ಎರಡು ವರ್ಷ ಇತ್ತು. ಸಂತೆಯ ದಿನ. ಲ್ಯಾಬಿನ ಕಿಟಕಿಯ ಮುಂದೆ ಮೂವತ್ತು ಜನ ಇದ್ದರು. ಜಯಣ್ಣ ಸಾಲಿನಲ್ಲಿ ಬಂದು ಪೇಪರಿನಲ್ಲಿ ಸುತ್ತಿದ ಬಾಟಲಿಯನ್ನು ಒಳಗೆ ತಳ್ಳಿದ. ಬಿಚ್ಚಿದರೆ ಬಿಳಿ ಪ್ಲಾಸ್ಟಿಕ್ ಬಾಟಲಿ, ಮೇಲೆ ಕಪ್ಪು ಕೂದಲು ಇಳಿಬಿಟ್ಟ ಹೆಂಗಸಿನ ಚಿತ್ರ. ಡೈ ಬಾಟಲಿ. ನನ್ನೊಳಗಿನ ಪತ್ತೇದಾರ ಎದ್ದು ಕೂತ. ಟ್ಯೂಬಿಗೆ ಸುರಿದೆ, ಕಷಾಯದಂಥ ಕೆಂಗಂದು. ನನ್ನ ಟವೆಲಿನ ಕಲೆಯದೇ ಬಣ್ಣ. ಪಟ್ಟಿ ಅದ್ದಿದೆ, ರಕ್ತದ ಚೌಕ ಹಸಿರಾಯಿತು, ರಕ್ತ ಇದೆ ಎಂಬ ಗುರುತು. ಕೊಳಕು ಬಾಟಲಿಯಿಂದ ಪಟ್ಟಿಯೂ ಮೋಸಹೋಗುತ್ತದೆ ಎಂದು ತರಬೇತಿಯಲ್ಲಿ ಕೇಳಿದ್ದೆ. ಎಲ್ಲವೂ ಕೂಡಿಬಂತು, ಪಟ್ಟಿ ತಪ್ಪು ಎಂದರೆ ಗಾಜಿಗೆ ಎಂಬ ನನ್ನದೇ ನಿಯಮ ಮರೆತುಹೋಯಿತು. ಬಾಟಲಿಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದೆ.

‘ಎಂತ ಜಯಣ್ಣ, ಹೊರಗಿನ ಕೂದ್ಲೆಲ್ಲ ಮುಗೀತು ಅಂತ ಒಳಗೂ ಡೈ ಹೊಡ್ಕೊಂಡ್ಯಾ?’

ಸಾಲು ಸಾಲೇ ನಕ್ಕಿತು. ಮಂಗಳವಾರದ ತಲೆಯವರು ಇಬ್ಬರಿದ್ದರು, ಅವರೂ ನಕ್ಕರು.

‘ತೊಳ್ದೇ ತಂದಿದ್ದು ಸಾರ್, ಬಿಸಿನೀರಲ್ಲಿ. ಎರಡು ದಿನದಿಂದ ಹಿಂಗೇ ಹೋಗ್ತಾ ಉಂಟು. ನೋವೇನೂ ಇಲ್ಲ.’

‘ಬಣ್ಣ ನಿನ್ನದಲ್ಲ ಮಾರಾಯ, ಬಾಟ್ಲಿದು. ತಗೊ ಈ ಡಬ್ಬಿ. ನಾಳೆ ಬೆಳಿಗ್ಗೆ ಇದ್ರಲ್ಲಿ ಹಿಡ್ಕೊಂಡು ಬಾ.’

ಅವನು ಏನೋ ಹೇಳಲು ಬಾಯಿ ತೆರೆದ. ಹಿಂದೆ ತಿರುಗಿ ಜನರನ್ನು ನೋಡಿದ. ಡಬ್ಬಿ ತೆಗೆದುಕೊಂಡು ಹೊರಟುಹೋದ. ನಾನು ಟ್ಯೂಬನ್ನು ಸಿಂಕಿಗೆ ಸುರಿದು, ರಿಜಿಸ್ಟರಿನಲ್ಲಿ ‘ಮಾದರಿ ಸರಿಯಿಲ್ಲ, ಮತ್ತೆ ತರಲು ತಿಳಿಸಿದೆ’ ಎಂದು ಬರೆದೆ. ಮೈಕ್ರೋಸ್ಕೋಪು ನನ್ನ ಎಡಗೈಗೆ ಎರಡಡಿ ದೂರದಲ್ಲಿ ಕವರು ಹೊದ್ದು ಕೂತಿತ್ತು. ಬಾಟಲಿ ಬಣ್ಣ ಕೊಡಬಹುದು, ಪಟ್ಟಿಗೆ ಮೋಸ ಮಾಡಬಹುದು. ಯಾವ ಬಾಟಲಿಯೂ ರಕ್ತಕಣ ತಯಾರಿಸುವುದಿಲ್ಲ. ಒಂದು ಹನಿ ಗಾಜಿನ ಮೇಲೆ ಬಿಟ್ಟಿದ್ದರೆ ಐದು ನಿಮಿಷದಲ್ಲಿ ಎಲ್ಲ ಗೊತ್ತಾಗುತ್ತಿತ್ತು.

ಮರುದಿನ ಅವನು ಬರಲಿಲ್ಲ. ಮುಂದಿನ ಮಂಗಳವಾರ ನಾನೇ ಹೋದೆ. ನಾನು ಕೊಟ್ಟ ಡಬ್ಬಿ ಅಂಗಡಿಯ ಹಲಗೆಯ ಮೇಲಿತ್ತು, ಅದರಲ್ಲಿ ಪಟಿಕದ ಚೂರು ಹಾಕಿಟ್ಟಿದ್ದ.

‘ಎಂತ ಆಯ್ತು ಮಾರಾಯ, ಬರಲೇ ಇಲ್ವಲ್ಲ?’

‘ನಿಂತುಹೋಯ್ತು ಸಾರ್. ಉಷ್ಣ ಆಗಿತ್ತು ಕಾಣ್ತದೆ. ಬಾರ್ಲಿ ನೀರು ಕುಡ್ದೆ.’

‘ಹಂಗಾದ್ರೆ ಸರಿ ಬಿಡು’ ಎಂದು ನಾನು ಕಣ್ಣು ಮುಚ್ಚಿದೆ.

ಆ ಒಂದು ಮಾತಿಗೆ ನನ್ನನ್ನು ನಾನು ಕ್ಷಮಿಸಿಲ್ಲ. ಮುಂದೆ ಕ್ಷಮಿಸುವ ಲಕ್ಷಣವೂ ಇಲ್ಲ.

ಒಂದು ವರ್ಷ ಕಳೆದು, ಅವನ ಹೆಂಡತಿ ಸುಶೀಲಮ್ಮ ಮತ್ತು ಮಗಳು ಚೈತ್ರಾ ಅವನನ್ನು ಆಟೋದಲ್ಲಿ ಕರೆತಂದರು. ರಕ್ತ ಹೆಪ್ಪುಗಟ್ಟಿ ಮೂತ್ರ ಕಟ್ಟಿಹೋಗಿತ್ತು. ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಬಾಗಿದ್ದ. ಡಾಕ್ಟರು ನಳಿಕೆ ಹಾಕಿ ತೆಗೆದು ನನ್ನಲ್ಲಿಗೆ ಕಳಿಸಿದರು. ಈ ಸಲ ತಿರುಗಿಸಿದೆ, ಗಾಜಿಗೆ ಹಾಕಿದೆ. ಲೆನ್ಸಿನ ತುಂಬ ಕೆಂಪು ಕಣಗಳು. ಅವುಗಳ ನಡುವೆ ನಾನು ನೋಡಬಾರದೆಂದು ಬೇಡಿಕೊಂಡ ಆಕಾರದ ಬೇರೆ ಕಣಗಳೂ ಇದ್ದವು.

ಮಂಗಳೂರಿಗೆ ಅವನ ಜೊತೆ ನಾನೂ ಹೋದೆ. ಅಲ್ಲಿ ಕ್ಯಾಮೆರಾ ಇಳಿಸಿ ನೋಡಿದರು. ಮೂತ್ರಕೋಶದ ಕ್ಯಾನ್ಸರು, ಗೋಡೆಯೊಳಗೆ ಇಳಿದಿದೆ ಎಂದರು. ಅಲ್ಲಿನ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯವರು. ಎಲ್ಲವನ್ನೂ ಕೇಳಿ ಬರೆದುಕೊಂಡರು.

‘ಮೊದಲ ಸಲ ಕೆಂಪು ಕಂಡದ್ದು ಯಾವಾಗ?’

ಜಯಣ್ಣ ನನ್ನ ಕಡೆ ನೋಡಿದ.

‘ಈಗಲೇ ಸಾರ್. ಹೋದ ತಿಂಗಳು.’

‘ಅದಕ್ಕೂ ಮುಂಚೆ ಒಂದು ಸಲವೂ ಇಲ್ವಾ?’

‘ಇಲ್ಲ ಸಾರ್.’

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ‘ಒಂದು ವರ್ಷ ಮುಂಚೆ ಸಿಕ್ಕಿದ್ದರೆ ಒಳಗಿಂದಲೇ ಕೆರೆದು ತೆಗೆಯಬಹುದಿತ್ತೋ ಏನೋ’ ಎಂದು ಡಾಕ್ಟರು ತಮ್ಮಷ್ಟಕ್ಕೆ ಹೇಳಿಕೊಂಡರು. ಅದು ಜಯಣ್ಣನಿಗೂ ಕೇಳಿಸಿತು, ನನಗೂ ಕೇಳಿಸಿತು.

ಆಮೇಲೆ ಉದ್ಯೋಗ ಏನು ಎಂದು ಕೇಳಿದರು. ಜಯಣ್ಣ ತನ್ನ ಕಪ್ಪು ಬೆರಳುಗಳನ್ನು ಮಡಿಲಲ್ಲಿ ಮುಚ್ಚಿಕೊಂಡ. ನಾನೇ ಹೇಳಿದೆ. ಎಷ್ಟು ವರ್ಷದಿಂದ, ಡೈ ಹಚ್ಚುತ್ತಾರಾ, ಕೈಗವಸು ಉಂಟಾ, ಬೀಡಿ ದಿನಕ್ಕೆ ಎಷ್ಟು, ಎಲ್ಲ ಕೇಳಿದರು. ಕೇಳಿದ್ದೇ ತಪ್ಪಾಯಿತು. ಡೈಗೂ ಈ ರೋಗಕ್ಕೂ ಏನೋ ನಂಟಿದೆ ಎಂದು ಜಯಣ್ಣನ ತಲೆಗೆ ಹೊಕ್ಕುಬಿಟ್ಟಿತು.

ಅವನನ್ನು ಹೊರಗೆ ಕೂರಿಸಿ ನಾನೊಬ್ಬನೇ ಒಳಗೆ ಹೋಗಿ ಕೇಳಿದೆ. ‘ಡೈಯಿಂದ ಬಂತಾ ಸಾರ್ ಇದು?’

ಆ ಡಾಕ್ಟರು ಹೇಳಿದ್ದನ್ನು ನೀವೂ ಸರಿಯಾಗಿ ಕೇಳಿಸಿಕೊಳ್ಳಬೇಕು. ಇದರಲ್ಲಿ ಒಂದು ತುಂಡು ಮಾತ್ರ ಹಿಡಿದುಕೊಂಡವರೇ ಊರಲ್ಲಿ ಜಾಸ್ತಿ.

‘ತಲೆಗೆ ಹಚ್ಚಿಸಿಕೊಳ್ಳುವವರಿಗೆ ಇದರಿಂದಲೇ ಬರುತ್ತದೆ ಅಂತ ಹೇಳಲು ಗಟ್ಟಿ ಪುರಾವೆ ಇಲ್ಲ. ದಿನಾ ಅದರಲ್ಲೇ ಕೈ ಅದ್ದಿ ಕೆಲಸ ಮಾಡುವವರ ವಿಷಯ ಬೇರೆ, ಅಲ್ಲಿ ಅನುಮಾನ ಜಾಸ್ತಿ. ಹಳೆಯ ಡೈಗಳಲ್ಲಿ ಇದ್ದ ಕೆಲವು ರಾಸಾಯನಿಕ ಹೆಚ್ಚು ಕೆಟ್ಟವು ಅಂತಾರೆ. ಬೀಡಿಯ ಮೇಲೆ ಅನುಮಾನವೇ ಇಲ್ಲ, ಅದು ಖಚಿತ. ಆದರೆ ಈ ಒಬ್ಬ ಮನುಷ್ಯನಿಗೆ ಯಾವುದು ಎಷ್ಟು ಮಾಡಿತು ಅಂತ ಕೇಳಿದರೆ, ನನಗೂ ಗೊತ್ತಿಲ್ಲ, ಯಾರಿಗೂ ಗೊತ್ತಾಗಲ್ಲ.’

ವಾಪಸು ಬರುವಾಗ ಕಾರು ಆಗುಂಬೆ ಘಾಟಿ ಹತ್ತಿತು. ಒಂದು ತಿರುವಿನಲ್ಲಿ ಜಯಣ್ಣ ನನ್ನ ಕೈ ಹಿಡಿದ.

‘ಸಾರ್, ನಂದು ಹೋಗ್ಲಿ. ನಾನು ಹಚ್ಚಿದವ್ರಿಗೂ ಬರ್ತದಾ? ಹೆಡ್‌ಮಾಸ್ಟ್ರು, ಬ್ಯಾಂಕಿನವ್ರು, ನೀವು. ಮದುವೆ ಗಂಡುಗಳು ಎಷ್ಟು ಜನ. ಹೇಳಿ ಮಾರಾಯ್ರೆ, ಕೊಪ್ಪದ ಅರ್ಧ ತಲೆಗೆ ನಾನು ವಿಷ ಹಚ್ಚಿದ್ನಾ?’

‘ಇಲ್ಲ ಜಯಣ್ಣ. ಹಚ್ಚಿಸ್ಕೊಂಡವ್ರಿಗೆ ಹಂಗೆ ಹೇಳಕ್ಕೆ ಪುರಾವೆ ಇಲ್ಲ ಅಂದ್ರು ಡಾಕ್ಟ್ರು.’

‘ನಂಗೆ ಮತ್ತೆ ಯಾಕೆ ಬಂತು?’

‘ಬೀಡಿ’ ಎಂದೆ.

ಅನುಮಾನದ ಭಾಗವನ್ನು ನುಂಗಿಬಿಟ್ಟೆ. ಇಪ್ಪತ್ತೆರಡು ವರ್ಷ ನನ್ನ ತಲೆ ಕಪ್ಪಾಗಿದ್ದುದು ಅವನ ಬರಿಗೈಯಿಂದ. ಅದನ್ನು ಎದುರು ಕೂತು ಹೇಗೆ ಹೇಳಲಿ? ಅವನಿಗೆ ಸಮಾಧಾನವಾದ ಹಾಗೆ ಕಂಡಿತು. ‘ಹಂಗಾದ್ರೆ ನಾ ಮಾಡ್ಕೊಂಡಿದ್ದು ನಂಗೆ’ ಎಂದು ಸೀಟಿಗೆ ಒರಗಿದ.

ಆ ಅರ್ಧ ಮಾತಿನಿಂದ ಇನ್ನೊಂದು ಅನಾಹುತವಾಗುತ್ತಿತ್ತು. ಚೈತ್ರಾ ಬಾಳಗಡಿಯಲ್ಲಿ ಕಾಲೇಜು ಹುಡುಗಿಯರಿಗೆಂದು ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ಅಪ್ಪನ ಆಪರೇಷನ್ ಆಗಿ, ಮೂತ್ರಕೋಶ ತೆಗೆದು, ಹೊಟ್ಟೆಯ ಮೇಲೆ ಚೀಲ ಕಟ್ಟಿದ ಮೇಲೆ ಒಂದು ದಿನ ಅವಳ ಪಾರ್ಲರಿಗೆ ಹೋದೆ. ಒಬ್ಬರ ತಲೆಗೆ ಕಪ್ಪು ಹಚ್ಚುತ್ತಿದ್ದಳು, ಬರಿಗೈಯಲ್ಲಿ.

‘ಗ್ಲೌಸ್ ಎಲ್ಲಿ ಕೂಸೆ?’

‘ಎಂತಕ್ಕೆ ಅಂಕಲ್? ಅಪ್ಪಂಗೆ ಬೀಡಿಯಿಂದ ಬಂತು ಅಂತ ನೀವೇ ಹೇಳಿದ್ರಂತಲ್ಲ. ನಾನು ಬೀಡಿ ಸೇದ್ತೀನಾ?’

ಅಲ್ಲೇ ಬೆಂಚಿನ ಮೇಲೆ ಕೂತೆ. ತಲೆಗೆ ಹಚ್ಚಿಸಿಕೊಳ್ಳುತ್ತಿದ್ದ ಹೆಂಗಸು ಎದ್ದು ಹೋಗುವವರೆಗೆ ಕಾದು ಡಾಕ್ಟರ ಮಾತನ್ನು ಪೂರ್ತಿ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ‘ಅಪ್ಪಂಗೆ ಹೇಳ್ಬೇಡಿ. ಬೀಡಿ ಅಂತಲೇ ಇರ್ಲಿ’ ಎಂದಳು. ಈಗ ಗ್ಲೌಸ್ ಹಾಕುತ್ತಾಳೆ. ನಾನು ಹೋದಾಗ ಮಾತ್ರ ಹಾಕುತ್ತಾಳೋ ಏನೋ, ಯಾರಿಗೆ ಗೊತ್ತು.

ರೋಗ ಶ್ವಾಸಕೋಶಕ್ಕೆ ಹಬ್ಬಿತು. ನನ್ನ ನಿವೃತ್ತಿಯಾದ ಮೂರನೇ ತಿಂಗಳು ಜಯಣ್ಣ ತೀರಿಕೊಂಡ. ನಮ್ಮ ಕೆಲಸದಲ್ಲಿ ಸಾಧಾರಣವಾಗಿ ಇಂಥದ್ದು ಕಾಣಿಸುವುದಿಲ್ಲ. ಚೀಟಿ ಕಿಟಕಿಯಿಂದ ಹೊರಗೆ ಹೋದ ಮೇಲೆ ಆ ಮನುಷ್ಯ ಬದುಕಿದನೋ ಸತ್ತನೋ ನಮಗೆ ಯಾರೂ ಬಂದು ಹೇಳುವುದಿಲ್ಲ. ಹಾಗಾಗಿ ಎಲ್ಲ ಟೆಕ್ನಿಷಿಯನ್ನರೂ ತಾವು ತಪ್ಪೇ ಮಾಡಿಲ್ಲ ಎಂದುಕೊಂಡು ನಿವೃತ್ತರಾಗುತ್ತಾರೆ. ನಾನು ಸಿಂಕಿಗೆ ಸುರಿದ ಬೇರೆ ಟ್ಯೂಬುಗಳ ಲೆಕ್ಕ ಯಾರ ಹತ್ತಿರವೂ ಇಲ್ಲ. ಕೆಲವು ದಿನ ಬೆಳಿಗ್ಗೆ ಎದ್ದರೆ ಈ ಯೋಚನೆಯೇ ಮೊದಲು ಬರುತ್ತದೆ.

ನನ್ನ ತಲೆ ಈಗ ಪೂರ್ತಿ ಬಿಳಿ. ದಾರಿಯಲ್ಲಿ ಸಿಕ್ಕವರು ‘ಡೈಗೆ ಹೆದರಿ ಬಿಟ್ರಾ ಸಾರ್?’ ಎಂದು ನಗುತ್ತಾರೆ. ಹೆದರಿ ಬಿಟ್ಟದ್ದಲ್ಲ. ಕೊನೆಯ ಸಲ ಹಚ್ಚಿಸಿಕೊಂಡ ದಿನ ನಡೆದದ್ದನ್ನು ಹೇಳಿ ಮುಗಿಸುತ್ತೇನೆ.

ಬೀಳ್ಕೊಡುಗೆಗೆ ಎರಡು ದಿನ ಇತ್ತು. ಮಂಗಳವಾರ. ಜಯಣ್ಣ ಮೂಳೆ ಚಕ್ಕಳವಾಗಿದ್ದ, ಅಂಗಡಿ ಮುಚ್ಚಿ ತಿಂಗಳುಗಳಾಗಿದ್ದವು. ಆದರೂ ಸುಶೀಲಮ್ಮನ ಕೈಲಿ ಫೋನು ಮಾಡಿಸಿದ. ‘ಸಾರ್ ಹಾರ ಹಾಕಿಸ್ಕೊಳ್ವಾಗ ತಲೆ ಬೆಳ್ಳಗೆ ಇರ್ಬಾರ್ದು. ಬರಕ್ಕೆ ಹೇಳು’ ಎಂದನಂತೆ. ಬೇಡವೆಂದರೂ ಕೇಳಲಿಲ್ಲ. ಹೋದೆ. ಷಟರ್ ಅರ್ಧ ಎಳೆದಿತ್ತು. ಬಗ್ಗಿ ಒಳಗೆ ನುಸುಳಿದೆ.

ಅವನು ಗ್ಲೌಸ್ ಹಾಕಿಕೊಂಡಿದ್ದ. ‘ಮಗಳು ಕೊಟ್ಟಳು, ಹಾಕದಿದ್ರೆ ಬಿಡಲ್ಲ’ ಎಂದ. ಅಂಗಿಯ ಕೆಳಗೆ ಚೀಲ ಉಬ್ಬಿತ್ತು. ಅಂದು ಅವನಿಗೆ ನಿಜ ಹೇಳಿಬಿಡಬೇಕೆಂದು ಹೋಗಿದ್ದೆ. ಬಣ್ಣ ಬಾಟಲಿಯದ್ದು ಎಂದೆನಲ್ಲ, ಗಾಜಿಗೆ ಹಾಕಿಯೇ ಇರಲಿಲ್ಲ ಜಯಣ್ಣ, ಎಂದು. ಮಾತನ್ನು ಮನಸ್ಸಿನಲ್ಲಿ ಎಷ್ಟೋ ಸಲ ಜೋಡಿಸಿಕೊಂಡಿದ್ದೆ. ಕುರ್ಚಿಯಲ್ಲಿ ಕೂತು ಅಭ್ಯಾಸದಂತೆ ಕಣ್ಣು ಮುಚ್ಚಿದೆ.

‘ಇವತ್ತು ಕಣ್ಣು ಬಿಡಿ ಸಾರ್. ಕೈ ನಡುಗ್ತದೆ. ಆ ಬಾಟ್ಲಿ ಸ್ವಲ್ಪ ನೀವೇ ಬಗ್ಗಿಸಿ.’

ಕಣ್ಣು ಬಿಟ್ಟೆ. ಅದೇ ಬಿಳಿ ಬಾಟಲಿ, ಕಪ್ಪು ಕೂದಲಿನ ಅದೇ ಹೆಂಗಸು. ಅವನು ಬಟ್ಟಲು ಹಿಡಿದ. ನಾನು ಬಗ್ಗಿಸಿದೆ. ಒಳಗಿಂದ ಬಂದದ್ದು ಬಿಳಿ, ಹಾಲಿನಷ್ಟು ಬಿಳಿ. ಒಂದು ತೊಟ್ಟು ಬಣ್ಣ ಇರಲಿಲ್ಲ. ಅವನು ಹಲಗೆಯ ಮೇಲಿಂದ ಒಂದು ಸಣ್ಣ ಟ್ಯೂಬು ತೆಗೆದು, ಅದರಿಂದ ಬೇರೆ ಪೇಸ್ಟನ್ನು ಬಟ್ಟಲಿಗೆ ಹಿಂಡಿ ಕಲಸತೊಡಗಿದ. ಕಲಸಿದ ಮೇಲೆ ಅದು ಮೆಲ್ಲಗೆ ಕೆಂಗಂದಾಯಿತು.

ನಾನು ಬಾಟಲಿ ಹಿಡಿದುಕೊಂಡೇ ಇದ್ದೆ. ಜಯಣ್ಣ ನನ್ನ ಮುಖವನ್ನು ಕನ್ನಡಿಯಲ್ಲಿ ನೋಡಿದ.

‘ಬಣ್ಣ ಟ್ಯೂಬಲ್ಲಿರೋದು ಸಾರ್. ಬಾಟ್ಲೀಲಿ ಬಣ್ಣವೇ ಇರದಿಲ್ಲ’ ಎಂದ. ಬ್ರಷ್ಷಿನಲ್ಲಿ ಸ್ವಲ್ಪ ತೆಗೆದು ನನ್ನ ಕಿವಿಯ ಹತ್ತಿರದಿಂದ ಹಚ್ಚಲು ಶುರುಮಾಡಿದ. ‘ಅವತ್ತೇ ಹೇಳ್ಬೇಕು ಅಂತ ಬಾಯಿಗೆ ಬಂದಿತ್ತು. ಎಲ್ಲರೂ ನಗಾಡ್ತಿದ್ರಲ್ಲ.’